ಔರಾದ್‌ನಿಂದ ಬಡಿದ ಬಾಗಿಲು

ನನ್ನ ನಿವೃತ್ತಿಯ ದಿನ ಶಾಲು ಹೊದಿಸಿ ಮಾತಾಡಿದ ಐದು ಜನರಲ್ಲಿ ಒಬ್ಬರಿಗೂ ನಾನು ಅಷ್ಟು ವರ್ಷ ಆ ತಣ್ಣನೆಯ ಕೋಣೆಯಲ್ಲಿ ಕೂತು ಏನು ಮಾಡುತ್ತಿದ್ದೆ ಎಂಬುದು ಗೊತ್ತಿರಲಿಲ್ಲ. "ವಿಶಾಖಾ ಮೇಡಂ ಕಂಪ್ಯೂಟರ್ ಛಂದಾಗಿ ನೋಡಿಕೊಂಡರು" ಎಂದರು ಒಬ್ಬರು, ನಾನೇನೋ ಎಮ್ಮೆ ಸಾಕಿದ್ದೆ ಎನ್ನುವ ಹಾಗೆ. ಹಾರ ಹಾಕಿಸಿಕೊಂಡು ನಕ್ಕು ಮನೆಗೆ ಬಂದೆ. ಆದರೆ ಈಚೆಗೆ ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಅಷ್ಟೂರಿನ ನಮ್ಮ ಮನೆಗೆ ಬಂದು, "ಮೇಡಂ, ಕೆಲಸ ಖರೇನ ಹ್ಯಾಂಗ ಇರ್ತದ್ರಿ?" ಎಂದು ಕೇಳಿದರು. ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸುವ ಮಾತಲ್ಲ ಅದು. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಸುದ್ದಿ ಇದರಲ್ಲಿ ಇಲ್ಲ. ಅವು ಎಲ್ಲರಿಗೂ ಆಗುತ್ತವೆ.

ಕೆಲಸ ಇಷ್ಟು. ಬೀದರ್‌ನ ಗಾಂಧಿ ಗಂಜ್ ಮಾರುಕಟ್ಟೆಗೆ ಹತ್ತಿರದಲ್ಲಿ ನಮ್ಮ ಆಫೀಸು. ಯಾವ ಆಫೀಸು ಎನ್ನುವುದು ಬೇಡ. ಅದರ ಒಳಕೋಣೆಯಲ್ಲಿ ಒಂದು ಸರ್ವರ್. ಹಳ್ಳಿಗಳ ಜನರ ಹೆಸರು, ಮನೆಯವರ ವಿವರ, ಯಾರು ಎಂದು ಕೂಲಿ ಕೆಲಸ ಕೇಳಿದರು, ಯಾರಿಗೆ ಕೊಟ್ಟೆವು, ಎಲ್ಲವೂ ಅದರ ಹೊಟ್ಟೆಯಲ್ಲಿ. ಭಾಲ್ಕಿ, ಔರಾದ್ ಮತ್ತು ಉಳಿದ ತಾಲೂಕುಗಳ ಆಪರೇಟರುಗಳು ತಮ್ಮ ಊರಲ್ಲೇ ಕೂತು ಈ ಸರ್ವರ್‌ಗೆ ಸೇರಿಕೊಂಡು ಕೆಲಸ ಮಾಡಬೇಕು. ಸೇರಿಕೊಳ್ಳಲು ಆಗದೇ ಹೋದಾಗ, ಯಾಕೆ ಆಗುತ್ತಿಲ್ಲ ಎಂದು ಹುಡುಕಿ ಸರಿಪಡಿಸುವುದು ನನ್ನ ಪಾಲಿನ ಕೆಲಸ. ಕೇಳಲು ಸಣ್ಣದು. ಅದರಲ್ಲೇ ನನ್ನ ಆಯುಷ್ಯದ ಮುಕ್ಕಾಲು ಪಾಲು ಹೋಯಿತು.

ಔರಾದ್‌ನಿಂದ ಮೊದಲ ಸಲ ಸಂಪರ್ಕ ಬಂದ ದಿನ ಇನ್ನೂ ಕಣ್ಣಿಗೆ ಕಟ್ಟಿದೆ. ಆಗ ತಂತಿ ಇರಲಿಲ್ಲ, ಎರಡೂ ಕಡೆ ಛಾವಣಿಯ ಮೇಲೆ ಡಿಶ್ ಕೂಡಿಸಿದ್ದರು. ಅಲ್ಲಿನ ಆಪರೇಟರ್ ಸುಜಾತಾ ಪರೀಕ್ಷೆಗೆಂದು ತನ್ನ ಅವ್ವನ ಹೆಸರನ್ನು ಟೈಪು ಮಾಡಿದಳು. ನನ್ನ ಪರದೆಯ ಮೇಲೆ ಆ ಹೆಸರು ಮೂಡಿತು. ಬೀದರ್‌ನಿಂದ ಔರಾದ್‌ಗೆ ಬಸ್ಸಿನಲ್ಲಿ ಒಂದು ತಾಸಿಗೂ ಮೇಲೆ ಬೇಕು. ಆ ಬಡಪಾಯಿ ಹೆಣ್ಣುಮಗಳ ಹೆಸರು ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹವನ್ನು ಮುಟ್ಟಿ, ಅಲ್ಲಿಂದ ನಮ್ಮ ಛಾವಣಿಗೆ ಇಳಿದು, ಕಣ್ಣು ಮಿಟುಕಿಸುವುದರೊಳಗೆ ನನ್ನ ಮುಂದೆ ಬಂದು ನಿಂತಿತ್ತು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಹಿಂದೆ ನಿಂತಿದ್ದ ಖಾದರ್ ಸಾಹೇಬರು ಮೆಲ್ಲಗೆ, "ಯಾ ಅಲ್ಲಾ" ಎಂದರು. ಆ ಬೆರಗು ನನ್ನಲ್ಲಿ ಕೊನೆಯ ದಿನದವರೆಗೂ ಉಳಿದಿತ್ತು. ನಿಮ್ಮಲ್ಲಿ ಅದು ಇಲ್ಲವಾದರೆ ಬೇರೆ ಯಾವುದಾದರೂ ನೌಕರಿ ನೋಡಿಕೊಳ್ಳಿ, ನಾನು ಚೇಷ್ಟೆಗೆ ಹೇಳುತ್ತಿಲ್ಲ.

ಖಾದರ್ ಸಾಹೇಬರು ನಮ್ಮ ಮೇಲಧಿಕಾರಿ. ಕೈಬರಹದ ರಿಜಿಸ್ಟರುಗಳಲ್ಲಿ ಕೂದಲು ನೆರೆದವರು. ಸರ್ವರ್ ಕೋಣೆಗೆ ಬರುವಾಗ ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು. ದರ್ಗಾದೊಳಗೆ ಬಂದ ಹಾಗೆ ಯಾಕೆ ಬರುತ್ತೀರಿ ಎಂದು ನಾನು ಚೇಷ್ಟೆ ಮಾಡಿದರೆ, "ಲಕ್ಷಾಂತರ ಮಂದಿ ಹೆಸರು ಅವ ಅಮ್ಮಾ ಇಲ್ಲಿ, ಅದಬ್ ಬೇಕಲ್ಲ, ಮರ್ಯಾದಿ" ಎನ್ನುತ್ತಿದ್ದರು. ಕಂಪ್ಯೂಟರಿನ ಒಂದು ಕೀಲಿಯನ್ನೂ ಅವರು ಮುಟ್ಟಿದವರಲ್ಲ. ಆದರೂ ಈ ಕೆಲಸದ ಮೊದಲ ಪಾಠ ಹೇಳಿಕೊಟ್ಟದ್ದು ಅವರೇ. ನಾನು ಫೋನಿನಲ್ಲಿ ಆಪರೇಟರುಗಳ ಮೇಲೆ ರೇಗುವುದನ್ನು ಕೇಳಿಸಿಕೊಂಡು ಒಂದು ದಿನ ಅಂದರು: "ಏನ್ ಬಿಗಡಾಯಿಸ್ಯಾದ ಅಂತ ಕೇಳಬ್ಯಾಡಮ್ಮಾ, ಅದು ಅವರಿಗಿ ಹ್ಯಾಂಗ ಗೊತ್ತಿರ್ತದ? ಕಣ್ಣಿಗಿ ಏನ್ ಕಾಣಲತದ ಅಂತ ಕೇಳು." ನಾನು ತಲೆಯಾಡಿಸಿದೆ. ಆ ಮಾತು ಕಿವಿಯೊಳಗೆ ಹೋಗಿದ್ದು ಮಾತ್ರ ಬಹಳ ತಡವಾಗಿ.

ಭಾಲ್ಕಿಯ ಕಥೆ ಹೇಳಬೇಕು. ಅಲ್ಲಿನ ಸಂಪರ್ಕ ದಿನಾ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಡಿದು ಬೀಳುತ್ತಿತ್ತು, ಹತ್ತು ನಿಮಿಷಕ್ಕೆ ತಾನೇ ಬರುತ್ತಿತ್ತು. ನಾನು ಸರ್ವರ್‌ನ ಎಲ್ಲ ಸೆಟ್ಟಿಂಗುಗಳನ್ನು ತಿರುಗಿಸಿ ನೋಡಿದೆ. ಡಿಶ್ ಕಂಪನಿಯವರಿಗೆ ಕಾಗದ ಬರೆದೆ. ಕೊನೆಗೆ ಬಸ್ಸು ಹತ್ತಿ ಭಾಲ್ಕಿಗೆ ಹೋಗಿ ಕೂತೆ. ಹನ್ನೊಂದಕ್ಕೆ ಸರಿಯಾಗಿ ಗೋಡೆಯಾಚೆ ಬೋರ್‌ವೆಲ್ ಮೋಟರ್ ಗುರ್ ಎಂದಿತು, ದೀಪ ಮಂಕಾಯಿತು, ಸಂಪರ್ಕದ ಪೆಟ್ಟಿಗೆ ಆರಿ ಹೋಯಿತು. ನೆಲದೊಳಗಿನ ನೀರು ತಳ ಸೇರಿದ್ದರಿಂದ ಮೋಟರ್ ಏದುಸಿರು ಬಿಟ್ಟು ಎಳೆಯುತ್ತಿತ್ತು. ಅಲ್ಲಿನ ಆಪರೇಟರ್ ನಾಗನಾಥ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದ: "ನೀರು ಬೇಕೋ ಲೈನ್ ಬೇಕೋ, ಒಂದು ಹೇಳಿಬಿಡ್ರಿ ಮೇಡಂ." ಓಣಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ನೀರೇ ಇರಲಿ ಎಂದು ಬಂದೆ. ಆ ಹತ್ತು ನಿಮಿಷ ಭಾಲ್ಕಿಯವರು ಚಹಾ ಕುಡಿಯಲಿ ಎಂದು ಖಾದರ್ ಸಾಹೇಬರು ಬರೆದು ಆದೇಶ ಮಾಡಿದರು.

ಬರ ಬಂದದ್ದು ನನಗೆ ಗೊತ್ತಾದದ್ದು ಆಕಾಶ ನೋಡಿ ಅಲ್ಲ, ಸರ್ವರ್‌ನ ಜಾಳಿಗೆ ನೋಡಿ. ಗಾಳಿ ಒಳಗೆ ಹೋಗುವ ಕಡೆ ಒಂದು ಜಾಳಿಗೆ ಇರುತ್ತದೆ, ಧೂಳು ಹಿಡಿಯಲು. ಬೆಳೆ ಬಂದ ವರ್ಷಗಳಲ್ಲಿ ಗಂಜ್‌ಗೆ ತೊಗರಿ ಲಾರಿಗಳು ಬರಲು ಸುರುವಾದರೆ ವಾರಕ್ಕೊಮ್ಮೆ ಅದನ್ನು ಬಿಚ್ಚಿ ಝಾಡಿಸಬೇಕಿತ್ತು. ತೊಗರಿಯ ಹೊಟ್ಟು, ಹಮಾಲರು ಚೀಲ ಒಗೆದಾಗ ಎದ್ದ ಧೂಳು, ಎಲ್ಲ ಅದರಲ್ಲಿ ಹಳದಿಯಾಗಿ ಕೂತಿರುತ್ತಿತ್ತು. ಆ ವರ್ಷ ತಿಂಗಳು ಬಿಟ್ಟು ಬಿಚ್ಚಿದೆ, ಬೆಳ್ಳಗಿತ್ತು. ಮತ್ತೊಂದು ತಿಂಗಳು ಬಿಟ್ಟು ನೋಡಿದೆ, ಆಗಲೂ ಹಾಗೇ. ಕಿಟಕಿಯಿಂದ ನೋಡಿದರೆ ಕೈಗಾಡಿಗಳು ಮಗುಚಿ ಬಿದ್ದಿದ್ದವು. ಝಾಡಿಸಲು ಏನೂ ಇಲ್ಲದ ಜಾಳಿಗೆಯನ್ನು ಹಾಗೇ ತಿರುಗಿ ಹಾಕಿದೆ.

ಆ ಬೇಸಿಗೆಗೆ ಹಳ್ಳಿಗಳಲ್ಲಿ ಕೂಲಿ ಕೆಲಸ ತೆರೆದರು. ಔರಾದ್ ತಾಲೂಕಿನಲ್ಲಿ ಹೆಚ್ಚಾಗಿ ಕೆರೆಯ ಹೂಳು ತೆಗೆಯುವ ಕೆಲಸ. ನಿಯಮ ಏನೆಂದರೆ, ಕೆಲಸಕ್ಕೆ ಇಳಿಯುವವರ ಹೆಸರಿನ ಹಾಜರಿ ಪಟ್ಟಿ ಸರ್ವರ್‌ನಿಂದಲೇ ಅಚ್ಚಾಗಿ ಬರಬೇಕು. ಕೈಯಿಂದ ಬರೆದದ್ದು ನಡೆಯುವುದಿಲ್ಲ. ಪಟ್ಟಿ ಇಲ್ಲದೆ ಗುದ್ದಲಿ ಹಚ್ಚುವ ಹಾಗಿಲ್ಲ. ಪ್ರತಿ ಎರಡು ವಾರಕ್ಕೆ ಹೊಸ ಪಟ್ಟಿ. ಅಂದರೆ ಔರಾದ್‌ನಿಂದ ನನ್ನ ಸರ್ವರ್‌ಗೆ ಸೇರಲು ಆಗದಿದ್ದರೆ ಕೆರೆಯಲ್ಲಿ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಜನರನ್ನು ತುಂಬಿಕೊಂಡು ಹೋಗುವ ಲಾರಿ ಇದ್ದೇ ಇತ್ತು. ಅದಕ್ಕೆ ಯಾವ ಪಟ್ಟಿಯೂ ಬೇಕಾಗಿರಲಿಲ್ಲ.

ಇಲ್ಲಿ ನನ್ನ ಪದ್ಧತಿಯೊಂದನ್ನು ಹೇಳಬೇಕು, ಯಾಕೆಂದರೆ ಆದ ಅನಾಹುತಕ್ಕೆಲ್ಲ ಅದೇ ಬೇರು. ಸಂಪರ್ಕ ಹೋದರೆ ನಾನು ಮೂರು ಹಂತದಲ್ಲಿ ನೋಡುತ್ತಿದ್ದೆ. ದಾರಿ ಇದೆಯೇ, ಬಾಗಿಲು ಇದೆಯೇ, ಒಳಗೆ ಬಿಡುತ್ತಾರೆಯೇ. ಎರಡನೆಯದಕ್ಕೆ ಒಂದು ಸಣ್ಣ ಪರೀಕ್ಷೆ. ಕಪ್ಪು ಪರದೆ ತೆರೆದು ಸರ್ವರ್‌ನ ಬಾಗಿಲನ್ನು ಒಮ್ಮೆ ಬಡಿಯುವುದು. ಬಾಗಿಲು ತೆರೆದಿದ್ದರೆ ಒಂದಿಷ್ಟು ಅಕ್ಷರಗಳು ಬಂದು ಬೀಳುತ್ತವೆ, ಇಲ್ಲದಿದ್ದರೆ ಪರದೆ ಖಾಲಿ. ಇದನ್ನು ನಾನು ಎಲ್ಲ ಆಪರೇಟರುಗಳಿಗೂ ಕಲಿಸಿದ್ದೆ. "ಕರೆಂಟು ಹೋಗಿ ಬಂದಾಗಲೆಲ್ಲ ಮೊದಲು ಬಡಿದು ನೋಡಿ, ಆಮೇಲೆ ಕೆಲಸ ಸುರು ಮಾಡಿ. ಅಕ್ಷರ ಬಂದರೆ ಸಾಕು. ಅವುಗಳನ್ನು ಓದುತ್ತಾ ಕೂಡಬೇಡಿ, ಅದರಲ್ಲಿ ಅರ್ಥ ಏನೂ ಇರುವುದಿಲ್ಲ" ಎಂದು ಹೇಳಿದ್ದೆ. ಎಷ್ಟು ಠೀವಿಯಿಂದ ಹೇಳಿದ್ದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾಗನಾಥ ಭಾಲ್ಕಿಯಲ್ಲಿ ಇದನ್ನು ಒಂದು ದಿನವೂ ಮಾಡಲಿಲ್ಲ. ಆಲಸಿ ಮನುಷ್ಯ, ನೇರವಾಗಿ ಕೆಲಸಕ್ಕೆ ಕೂಡುತ್ತಿದ್ದ. ಸುಜಾತಾ ಹಾಗಲ್ಲ. ಔರಾದ್ ಕಡೆಯ ಹಳ್ಳಿಯವಳು, ನಮ್ಮ ಹಾಗೇ ಬೌದ್ಧರ ಮನೆಯ ಹುಡುಗಿ, ಕನ್ನಡ ಸಾಲೆಯಲ್ಲಿ ಪಿಯುಸಿ ತನಕ ಓದಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಳು. ನಾನು ಹೇಳಿದ ಮಾತು ಅವಳಿಗೆ ಬರೆದಿಟ್ಟ ಹಾಗೆ. ಕರೆಂಟು ಹೋಗಿ ಬಂದಾಗಲೆಲ್ಲ ತಪ್ಪದೆ ಬಡಿಯುತ್ತಿದ್ದಳು.

ಔರಾದ್‌ನ ಸಂಪರ್ಕ ಮೊದಲ ಸಲ ನಿಂತಾಗ ನಾನು ಇಲ್ಲಿಂದ ದಾರಿ ನೋಡಿದೆ, ಸರಿ ಇತ್ತು. ಸುಜಾತಾಗೆ ಫೋನ್ ಮಾಡಿ ಬಾಗಿಲು ಬಡಿಸಿದೆ. "ಅಕ್ಷರ ಬಂದಾವ್ರಿ ಮೇಡಂ" ಎಂದಳು. ದಾರಿ ಇದೆ, ಬಾಗಿಲೂ ತೆರೆದಿದೆ, ಭಾಲ್ಕಿ ಆರಾಮವಾಗಿ ನಡೆಯುತ್ತಿದೆ. ಹಾಗಾದರೆ ತಪ್ಪು ಔರಾದ್‌ನಲ್ಲೇ ಎಂದು ತೀರ್ಮಾನ ಮಾಡಿ ಬಸ್ಸು ಹತ್ತಿದೆ. ಅಲ್ಲಿ ನಾನೂ ಒಮ್ಮೆ ಬಡಿದು, ಬಂದ ಅಕ್ಷರ ಓದದೆ, ಕೇಬಲ್ ಬದಲಿಸಿದೆ. ಸಂಜೆ ಬೀದರ್‌ಗೆ ಬಂದು, ಹೊರಗಿನ ರಿಪೇರಿ ಮುಗಿದ ಮೇಲೆ ಮಾಡುವ ನನ್ನ ರೂಢಿಯಂತೆ, ಎಲ್ಲರೂ ಕೆಲಸ ಮುಚ್ಚಿದ ಮೇಲೆ ಸರ್ವರ್ ಒಮ್ಮೆ ನಿಲ್ಲಿಸಿ ಚಾಲೂ ಮಾಡಿದೆ. ಬೆಳಿಗ್ಗೆ ಔರಾದ್ ಸೇರಿಕೊಂಡಿತು. ಕೇಬಲ್ಲೇ ಕೆಟ್ಟಿತ್ತು ಎಂದು ವರದಿ ಬರೆದೆ. ಎರಡು ವಾರಕ್ಕೆ ಮತ್ತೆ ನಿಂತಿತು. ಈ ಸಲ ಹೋಗಿ ಪೆಟ್ಟಿಗೆಯನ್ನೇ ಬದಲಿಸಿದೆ, ಬಂದು ಸರ್ವರ್ ಆರಿಸಿ ಹಚ್ಚಿದೆ, ಮತ್ತೆ ಸರಿಹೋಯಿತು. ಪೆಟ್ಟಿಗೆ ಕೆಟ್ಟಿತ್ತು ಎಂದು ಬರೆದೆ. ನನ್ನ ಕೈಗುಣದ ಬಗ್ಗೆ ನನಗೇ ಹೆಮ್ಮೆ ಬಂದಿತ್ತು, ಹುಚ್ಚಿ.

ಸಂಗಮ್ಮನನ್ನು ಕಂಡದ್ದು ಆ ಎರಡನೇ ಪ್ರಯಾಣದಲ್ಲಿ. ಸಂತಪುರದ ಆಚೆಯ ಹಳ್ಳಿಯವಳು, ಕುರಿ ಕಾಯುವ ಮನೆತನದವಳು, ಕೆರೆ ಕೆಲಸದ ತಂಡಕ್ಕೆ ಮುಂದಾಳು. ಹೆಗಲ ಮೇಲೆ ಕಂಬಳಿ, ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ತಂಡದವರ ಕಾರ್ಡುಗಳು. ಆಫೀಸಿನ ಮೆಟ್ಟಿಲ ಮೇಲೆ ಕೂತು ನಾನು ಪೆಟ್ಟಿಗೆ ಬದಲಿಸುವುದನ್ನೇ ನೋಡುತ್ತಿದ್ದಳು. ನಾನು ಹೊರಗೆ ಬಂದಾಗ ಕೇಳಿದಳು: "ಹಾಜರಿ ಹಾಳಿ ಬರ್ತದೇನ್ರಿ ಬಾಯಾರ?"

"ಬರ್ತದ, ನಾಳಿಗಿ" ಎಂದೆ.

"ನನ್ನ ಮಾತಿಗಿ ಮಂದಿ ನಿಂತದ್ರಿ. ಹಾಳಿ ಬಂದ್ರ ಕೆರಿಗಿ ಇಳಿತಾರ, ಬರದಿದ್ರ ಲಾರಿ ಹತ್ತತಾರ. ನಮ್ಮ ಸೊಸಿ ಮಾದೇವಿಗಿ ಎಂಟನೇದು ನಡದದ. ಇಟ್ಟಂಗಿ ಹೊರೂ ಜಾಗಾದಾಗ ಹಡಿಬೇಕೇನ್ರಿ ಆಕಿ? ನೆರಳಿಲ್ಲ, ಸೂಲಗಿತ್ತಿ ಇಲ್ಲ, ನಮ್ಮ ಮಂದಿ ಇಲ್ಲ."

ನಾನು ಅವಳ ಕೈ ಹಿಡಿದು, ಆಕೆ ಎಲ್ಲಿಗೂ ಹೋಗಬೇಕಾಗಿಲ್ಲ ಎಂದೆ. ಅಷ್ಟು ದಿನ ನಾನು ಕಾಯುತ್ತಿದ್ದದ್ದು ಸಾಲು ಸಾಲು ಹೆಸರು. ಒಂದು ಹೆಸರಿನ ಹಿಂದೆ ಹೀಗೆ ಒಂದು ತುಂಬು ಹೊಟ್ಟೆ ಇರುತ್ತದೆ ಎಂದು ಆವತ್ತು ಮೊದಲ ಸಲ ಎದೆಗೆ ತಾಗಿತು.

ಮೂರನೆಯ ಸಲ ನಿಂತದ್ದು ಒಂದು ಸೋಮವಾರ. ಬರದಿಂದಾಗಿ ಕರೆಂಟು ಚೂರು ಚೂರಾಗಿ ಬರುತ್ತಿದ್ದ ಕಾಲ ಅದು, ಬಂದು ಐದು ನಿಮಿಷಕ್ಕೆ ಹೋಗುವುದು, ಮತ್ತೆ ಬರುವುದು. ಮಂಗಳವಾರ ಸುಜಾತಾ ಫೋನ್ ಮಾಡಿದಳು. "ಮೇಡಂ, ಬಡದ್ರ ಅಕ್ಷರ ಬರ್ಲತಾವ್ರಿ. ಆದ್ರ ಈ ಅಕ್ಷರ ಬ್ಯಾರೆ ಅವ."

ನನಗೆ ಸಿಟ್ಟು ಬಂತು. "ಬಂದವೋ ಇಲ್ಲವೋ, ಅಷ್ಟೇ ಹೇಳು. ಯಾವವಾದರೇನು? ನೀನೇ ಏನೋ ಮಾಡಿ ಕೆಡಿಸಿರಬೇಕು ನೋಡು" ಎಂದೆ.

"ಆಯ್ತ್ರಿ ಮೇಡಂ" ಎಂದು ಫೋನ್ ಇಟ್ಟಳು. ನಾನು ಅವಳ ಮೇಲೆ ನಿರ್ಲಕ್ಷ್ಯದ ದೂರನ್ನು ಬರೆದು ಕರಡು ಸಾಹೇಬರ ಮೇಜಿಗೆ ಕಳಿಸಿದೆ. ಅವರು ಅದಕ್ಕೆ ಸಹಿ ಮಾಡದೆ, "ನೀ ಹೋಗಿ ನೋಡಿ ಬಾ, ಆಮ್ಯಾಲ ಬರಿ" ಎಂದು ವಾಪಸು ಕೊಟ್ಟರು. ಬುಧವಾರ, ಗುರುವಾರ ಬೇರೆ ತಾಲೂಕಿನ ತೊಂದರೆಗಳಲ್ಲಿ ಕಳೆದವು. ಶುಕ್ರವಾರ ಬಸ್ಸು ಹತ್ತಿದೆ.

ಸಂಗಮ್ಮ ಅದೇ ಮೆಟ್ಟಿಲ ಮೇಲೆ ಕೂತಿದ್ದಳು. "ಬುಧವಾರ ಒಂದು ಲಾರಿ ಹ್ವಾಯ್ತು ಬಾಯಾರ. ಇವತ್ತು ನಾಕಕ್ಕ ಎರಡನೇದು. ಸಂತಪುರ ರಸ್ತಾಕ ಬಂದು ನಿಂದರತದ. ಹಾಳಿ ಅದಕ್ಕಿಂತ ಮೊದಲ ಸಿಗತದೇನ್ರಿ?" ಈ ಸಲ ನಾನು ಮಾತು ಕೊಡಲಿಲ್ಲ. ಬುಧವಾರದ ಲಾರಿಯಲ್ಲಿ ಯಾರು ಯಾರು ಹೋದರು ಎಂದೂ ನಾನು ಕೇಳಲಿಲ್ಲ. ನೇರ ಒಳಗೆ ಹೋದೆ.

ಮಧ್ಯಾಹ್ನ ಎರಡರವರೆಗೆ ಎಲ್ಲ ಬಿಚ್ಚಿ ಜೋಡಿಸಿದೆ. ಏನೂ ಆಗಲಿಲ್ಲ. ಕೈ ಸೋತು ಕೂತಾಗ ಸುಜಾತಾ ಹೆದರುತ್ತಾ ಒಂದು ನೂರು ಪುಟದ ನೋಟಬುಕ್ ತಂದು ಮುಂದಿಟ್ಟಳು. "ಬೈಬ್ಯಾಡ್ರಿ ಮೇಡಂ. ಓದಬ್ಯಾಡ ಅಂದಿದ್ರಿ, ಓದಿಲ್ಲ. ಬರದಿಟ್ಟೀನಿ."

ತೆರೆದು ನೋಡಿದೆ. ಮೊದಲ ದಿನದಿಂದ ಅವಳು ಬಾಗಿಲು ಬಡಿದ ಪ್ರತಿಯೊಂದು ಸಲ, ತಾರೀಖು, ಗಂಟೆ, ಕರೆಂಟು ಬಂದ ಹೊತ್ತು, ಹೋದ ಹೊತ್ತು, ಪರದೆಯ ಮೇಲೆ ಬಂದ ಅಕ್ಷರಗಳು. ಅರ್ಥವಿಲ್ಲದ ಚಿಹ್ನೆಗಳನ್ನೂ ಬಿಟ್ಟಿರಲಿಲ್ಲ. ಕೌದಿಗೆ ಹೊಲಿಗೆ ಹಾಕಿದ ಹಾಗೆ ಒಂದೊಂದನ್ನೇ ಬಿಡಿಸಿದ್ದಳು. ಪುಟ ಪುಟಗಳಲ್ಲಿ ಅದೇ ಅಂಕಿಗಳು, ಅದೇ ಚಿಹ್ನೆಗಳು. ಒಂದು ಕಡೆ ಬಂದಾಗ ಅವು ನಿಂತು, ಇಂಗ್ಲಿಷಿನ ಒಂದು ಉದ್ದನೆಯ ಸಾಲು ಸುರುವಾಗಿತ್ತು. ನಾನು ಕೇಬಲ್ ಬದಲಿಸಿದ ಮರುದಿನ ಮತ್ತೆ ಅಂಕಿಗಳು. ಪೆಟ್ಟಿಗೆ ಬದಲಿಸುವ ಮುಂಚೆ ಮತ್ತೆ ಆ ಸಾಲು. ಈ ಸೋಮವಾರದಿಂದ ಮತ್ತೆ ಅದೇ ಸಾಲು, ಹದಿನೇಳು ಸಲ, ಒಂದು ಅಕ್ಷರವೂ ತಪ್ಪದೆ.

ಆ ಸಾಲು ಹೇಳುತ್ತಿದ್ದದ್ದು ಇಷ್ಟೇ: ಈ ವಿಳಾಸದಿಂದ ಬಹಳ ಸಲ ಬಾಗಿಲು ಬಡಿದು ಒಳಗೆ ಬಾರದೆ ಹೋದದ್ದರಿಂದ ಇದನ್ನು ತಡೆಹಿಡಿಯಲಾಗಿದೆ. ತಡೆ ತೆಗೆಯಲು ಇಂಥ ಆಜ್ಞೆ ಕೊಡಿ.

ಅಗಳಿ ಬಿದ್ದಿದ್ದು ಔರಾದ್‌ನಲ್ಲಿ ಅಲ್ಲ, ಬೀದರ್‌ನಲ್ಲಿ, ನನ್ನ ಕುರ್ಚಿಯಿಂದ ಒಂದು ಮಾರು ದೂರದಲ್ಲಿ. ಬಡಿದು ಒಳಗೆ ಬಾರದೆ ಹೋಗುವವರನ್ನು ಸರ್ವರ್ ಎಣಿಸುತ್ತದೆ. ನಡುವೆ ಒಮ್ಮೆ ಸರಿಯಾಗಿ ಒಳಗೆ ಬಂದರೆ ಎಣಿಕೆ ಅಳಿಸಿಹೋಗುತ್ತದೆ, ಸತತ ಹತ್ತು ಸಲ ಬರೀ ಬಡಿದರೆ ಕಳ್ಳರೆಂದು ತಿಳಿದು ಅಗಳಿ ಹಾಕುತ್ತದೆ. ಕರೆಂಟು ಸರಿಯಾಗಿದ್ದಾಗ ಸುಜಾತಾ ಬಡಿದ ಕೂಡಲೇ ಒಳಗೆ ಹೋಗುತ್ತಿದ್ದಳು. ಈಗ ಬಡಿಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಬಂದ ಮೇಲೆ ನನ್ನ ಮಾತಿನಂತೆ ಮತ್ತೆ ಬಡಿಯುತ್ತಿದ್ದಳು. ಕೇಬಲ್ಲು, ಪೆಟ್ಟಿಗೆ ಯಾವುದೂ ಕೆಟ್ಟಿರಲಿಲ್ಲ. ನಾನು ಸಂಜೆ ಸರ್ವರ್ ಆರಿಸಿ ಹಚ್ಚಿದಾಗ ಎಣಿಕೆ ಮರೆತುಹೋಗಿ ಬಾಗಿಲು ತೆರೆಯುತ್ತಿತ್ತು, ಅಷ್ಟೇ. ನನ್ನ ಮಾತು ಕೇಳದ ನಾಗನಾಥನಿಗೆ ಏನೂ ಆಗಲಿಲ್ಲ. ಕೇಳಿದವಳ ಮುಖಕ್ಕೆ ಬಾಗಿಲು ಬಿತ್ತು. ಇಂಗ್ಲಿಷು ಸರಿಯಾಗಿ ಬರದ ಒಬ್ಬ ಹುಡುಗಿ, ಯಾರೂ ಕೇಳದೆ, ಬೈಸಿಕೊಂಡೂ, ಇಷ್ಟನ್ನೆಲ್ಲ ಬರೆದಿಟ್ಟಿದ್ದಳಲ್ಲ ಎಂದು ಆ ಪುಟಗಳನ್ನು ಮತ್ತೆ ಮೊದಲಿನಿಂದ ತಿರುವಿದೆ. ಅಷ್ಟು ನಿಷ್ಠೆ ನನ್ನ ಕೈಯಿಂದ ಒಂದು ದಿನವೂ ಆಗಿರಲಿಲ್ಲ.

"ತಪ್ಪು ನಂದ ಸುಜಾತಾ" ಎಂದೆ.

"ಹೋಗ್ಲಿ ಬಿಡ್ರಿ ಮೇಡಂ, ಈಗ ಹಾಳಿ ತೆಗೀರಿ. ಹೊರಗ ಸಂಗಮ್ಮ ಆಯಿ ಕುಂತಾಳ" ಎಂದಳು.

ಆಜ್ಞೆ ಕೊಡಬೇಕಾದದ್ದು ಬೀದರ್‌ನ ಕೋಣೆಯಲ್ಲಿ, ನಾನು ಇದ್ದದ್ದು ಔರಾದ್‌ನಲ್ಲಿ. ಗುಂಡಿ ಒತ್ತಿ ಸರ್ವರ್ ನಿಲ್ಲಿಸಿಬಿಡಿ ಎನ್ನುವ ಹಾಗೂ ಇರಲಿಲ್ಲ, ಉಳಿದ ತಾಲೂಕುಗಳವರೆಲ್ಲ ಪಟ್ಟಿ ಬರೆಯುತ್ತಿದ್ದರು, ಅರ್ಧಕ್ಕೆ ನಿಂತರೆ ಅವೆಲ್ಲ ಹಾಳು. ಫೋನ್ ಮಾಡಿದೆ. ಆ ಹೊತ್ತು ಆಫೀಸಿನಲ್ಲಿ ಇದ್ದವರು ಖಾದರ್ ಸಾಹೇಬರು ಒಬ್ಬರೇ.

"ಅಮ್ಮಾ, ನಾ ಅದನ್ನ ಮುಟ್ಟಿದಂವಲ್ಲ" ಎಂದರು.

"ಇವತ್ತು ಮುಟ್ರಿ ಸಾಹೇಬ್ರ. ಇಲ್ಲಂದ್ರ ನಾಕಕ್ಕ ಲಾರಿ ಹೋಗ್ತದ."

ಸರ್ವರ್‌ನ ಪಾಸ್‌ವರ್ಡನ್ನು ಫೋನಿನಲ್ಲೇ ಹೇಳಿದೆ. ನೀವು ಇದನ್ನು ಎಂದೂ ಮಾಡಬೇಡಿ, ನಾನು ಮಾಡಿದೆ. ಆಮೇಲೆ ಆಜ್ಞೆಯ ಅಕ್ಷರ ಒಂದೊಂದಾಗಿ. ಲಾತೂರಿನ ಎಲ್, ಉದಗೀರಿನ ಯು, ಸಂತಪುರದ ಎಸ್, ಹುಮನಾಬಾದಿನ ಎಚ್. ಅವರು ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿ, ಹುಡುಕಿ, ಒಂದು ಬೆರಳಿನಿಂದ ಒತ್ತುತ್ತಿದ್ದರು. ಒಂದು ಸಲ ತಪ್ಪಾಯಿತು, ಮೊದಲಿನಿಂದ ಸುರು ಮಾಡಿದೆವು. ಕೊನೆಯಲ್ಲಿ ಒಂದು ಚುಕ್ಕೆ, ಅದರ ಕೆಳಗೆ ಬಾಲದ ಚುಕ್ಕೆ, ಅಂದರೆ ಸೆಮಿಕೋಲನ್. ಅದನ್ನು ಹುಡುಕಲು ಅವರಿಗೆ ಇನ್ನಷ್ಟು ಹೊತ್ತು ಬೇಕಾಯಿತು. ಸುಜಾತಾ ಗಡಿಯಾರ ನೋಡುತ್ತಿದ್ದಳು. ಮೂರು ಹತ್ತು.

"ಓಕೆ ಅಂತ ಬಂತಮ್ಮಾ. ನಾ ಏನ್ ಮಾಡ್ದೆ ಈಗ?"

"ಔರಾದಿನ ಬಾಗಿಲ ತೆಗೆದ್ರಿ."

ಇತ್ತ ಸುಜಾತಾ ಬಾಗಿಲು ಬಡಿಯದೆ ನೇರ ಒಳಗೆ ಹೋದಳು. ಪರದೆ ಬೆಳಗಿತು. ಹೂಳು ತೆಗೆಯುವ ಕೆಲಸದ ನಾಲ್ಕು ಹಾಳೆ, ಹಾಳೆಗೆ ಹತ್ತು ಹೆಸರು. ಪ್ರಿಂಟರ್ ಕಿರ್ ಎಂದು ಒಂದೊಂದೇ ಸಾಲನ್ನು ಹೊರಗೆ ಬಿಡುತ್ತಿತ್ತು, ಕರೆಂಟು ಎಲ್ಲಿ ಹೋಗುತ್ತದೋ ಎಂದು ನಾವಿಬ್ಬರೂ ತಲೆಯ ಮೇಲಿನ ದೀಪವನ್ನೇ ನೋಡುತ್ತಿದ್ದೆವು. ಹೋಗಲಿಲ್ಲ. ನಾಲ್ಕನೇ ಹಾಳೆ ಹರಿದುಕೊಂಡ ಮೇಲೆ ಹೋಯಿತು.

ಸುಜಾತಾಳ ಮೇಲಿನ ದೂರಿನ ಕರಡನ್ನು ನಾನು ಮಾರನೇ ದಿನ ಹರಿದು, ತಪ್ಪು ಸೂಚನೆ ಕೊಟ್ಟವಳು ನಾನೇ ಎಂದು ನನ್ನ ಹೆಸರಿನಲ್ಲಿ ವಿವರಣೆ ಬರೆದುಕೊಟ್ಟೆ. ಆ ವರ್ಷದಿಂದ ಪರದೆಯ ಮೇಲೆ ಬಂದದ್ದನ್ನು ಬರೆದಿಡುವ ಅವಳ ಪದ್ಧತಿಯನ್ನೇ ಎಲ್ಲ ತಾಲೂಕುಗಳಿಗೂ ಹಾಕಿಕೊಟ್ಟೆ. ಅದೆಲ್ಲ ಆಮೇಲಿನ ಮಾತು. ಆ ದಿನದ ಮಾತು ಇನ್ನೂ ಮುಗಿದಿಲ್ಲ.

ಅಧಿಕಾರಿಯ ಸಹಿ ಹಾಕಿಸಿಕೊಂಡು ಸಂಗಮ್ಮನೂ ನಾನೂ ಬೀದರ್ ಬಸ್ಸು ಹತ್ತಿದೆವು. ಸಂತಪುರದಲ್ಲಿ ಇಳಿದಾಗ ಲಾರಿ ರಸ್ತೆಯ ಅಂಚಿಗೆ ನಿಂತಿತ್ತು. ಜನ ಆಗಲೇ ಹತ್ತಿ ಕೂತಿದ್ದರು. ಗಂಟು, ಕೊಡ, ಒಲೆಯ ತಗಡು, ಒಂದು ಕೋಳಿ. ಇಂಜಿನ್ ಚಾಲೂ ಇತ್ತು. ಸಂಗಮ್ಮ ಓಡಿ ಹೋಗಿ ಲಾರಿಯ ಮುಂದೆ ನಿಂತಳು. "ಹಾಳಿ ಬಂದದ! ಇಳೀರಿ!" ಎಂದು ಕೂಗಿದಳು.

ಯಾರೂ ಕದಲಲಿಲ್ಲ. "ಹ್ವಾದ ವಾರನೂ ಹಿಂಗ ಅಂದಿದ್ದಿ ಬಿಡು ಆಯಿ" ಎಂದ ಮೇಲಿನಿಂದ ಒಬ್ಬ.

ಸಂಗಮ್ಮ ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು. "ನೀವು ಓದ್ರಿ ಬಾಯಾರ. ನನಗ ಎಲ್ಲಾರ ಹೆಸರೂ ಬಾಯಾಗ ಅವ. ಆದ್ರ ನಾ ಕರದ್ರ ನಂಬಂಗಿಲ್ಲ, ಹಾಳ್ಯಾಗ ನೋಡಿ ಓದಿದ್ರ ನಂಬತಾರ."

ನಾನು ರಸ್ತೆಯ ಮಧ್ಯೆ ನಿಂತು ಓದತೊಡಗಿದೆ. "ಈರಮ್ಮ ಗಂಡ ಮಾಳಪ್ಪ." ಲಾರಿಯ ಮೇಲೆ ಒಂದು ತಲೆ ಎದ್ದಿತು. ಒಬ್ಬ ಹೆಂಗಸು ಗಂಟನ್ನು ಕೆಳಗೆ ಒಗೆದು, ಗಾಲಿಯ ಮೇಲೆ ಕಾಲಿಟ್ಟು ಇಳಿದಳು. "ಬೀರಪ್ಪ ತಂದೆ ನಿಂಗಪ್ಪ." ಒಬ್ಬ ಮುದುಕ ಇಳಿದ. "ತುಕ್ಕಮ್ಮ ಗಂಡ ವಿಠ್ಠಲ." ಸೊಂಟದ ಮೇಲೆ ಕೂಸಿನೊಂದಿಗೆ ಒಬ್ಬಳು. ಅಷ್ಟು ವರ್ಷ ನಾನು ಈ ಹೆಸರುಗಳನ್ನು ಸರ್ವರ್‌ನಲ್ಲಿ ಹುಡುಕಿದ್ದೆ, ಕಾಪಿ ತೆಗೆದಿದ್ದೆ, ಆಕಾಶದ ದಾರಿಯಲ್ಲಿ ಕಳಿಸಿದ್ದೆ. ಅವು ಹೀಗೆ ಕರೆದರೆ ಓಗೊಟ್ಟು, ಮನುಷ್ಯರಾಗಿ ನನ್ನ ಮುಂದೆ ಇಳಿದು ಬರುತ್ತವೆ ಎಂದು ಯಾರು ಹೇಳಿದ್ದರು? ಒಂದು ಹಾಳೆ ಮುಗಿಯಿತು, ಎರಡು ಮುಗಿಯಿತು. ಲಾರಿ ಖಾಲಿಯಾಗುತ್ತಾ ಬಂತು. ಇಳಿದವರನ್ನೆಲ್ಲ ಸಂಗಮ್ಮ ಕುರಿ ಎಣಿಸುವ ಹಾಗೆ ಭುಜ ಮುಟ್ಟಿ ಮುಟ್ಟಿ ಪಕ್ಕಕ್ಕೆ ನಿಲ್ಲಿಸುತ್ತಿದ್ದಳು.

ಮೂರನೇ ಹಾಳೆಯ ಆರನೇ ಸಾಲು. "ಮಹಾದೇವಿ ಗಂಡ ಶಿವರಾಯ."

ಯಾರೂ ಏಳಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕರೆದೆ. ಲಾರಿಯ ಮೇಲಿದ್ದವರು, ಕೆಳಗಿದ್ದವರು, ಎಲ್ಲರೂ ಸಂಗಮ್ಮನ ಕಡೆ ನೋಡಿದರು.

"ಆಕಿ ಇಲ್ರಿ ಬಾಯಾರ" ಎಂದಳು ಸಂಗಮ್ಮ. "ಬುಧವಾರದ ಲಾರಿಗಿ ಹ್ವಾದಳು. ನಿನ್ನ ಹಾಳಿ ಬರಂಗಿಲ್ಲವ್ವಾ ಅಂದ ನನ್ನ ಮಗ, ಕರಕೊಂಡು ಹ್ವಾದ. ನಾನೂ ಅವರ ಸಂಗಾಟ ಹೋಗಿದ್ರ ಇವರ್ಯಾರೂ ನಿಂದರತಿದ್ದಿಲ್ಲ."

ಸುಜಾತಾ ನನಗೆ ಫೋನ್ ಮಾಡಿದ್ದು ಮಂಗಳವಾರ. ಅಕ್ಷರ ಬೇರೆ ಇವೆ ಎಂದು ಅವಳು ಹೇಳಿದಾಗ ಏನು ಕಾಣುತ್ತಿದೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹಾಳೆಯ ಮೇಲಿನ ಸಾಲುಗಳು ಕಲಸಿಹೋದವು. ಈ ಹೆಂಗಸು ಬೆಳಗಿನಿಂದ ಆ ಮೆಟ್ಟಿಲ ಮೇಲೆ ಕೂತಿದ್ದು ತನ್ನವರಿಗಾಗಿ ಅಲ್ಲ ಎಂದು ತಿಳಿದಾಗ ನನಗೆ ಅವಳ ಮುಖ ನೋಡಲು ಆಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

"ಓದ್ರಿ" ಎಂದಳು ಸಂಗಮ್ಮ. "ಇನ್ನಾ ಮಂದಿ ಮ್ಯಾಲ ಅದ."

ನಾನು ಏಳನೇ ಹೆಸರು ಓದಿದೆ.